ಸಮುದ್ರಕ್ಕೆ ಬೆನ್ನು ಹಾಕಿದ ಕ್ಯಾಮೆರಾ

ಭೀಮೆಯ ದಂಡೆಯ ಅಗರಖೇಡದವರಿಗೆ ಉಸುಕು ಹೊಸದಲ್ಲ, ಹೊಳೆಯ ನೀರೂ ಹೊಸದಲ್ಲ. ಆಚೆ ದಂಡೆಯೇ ಕಾಣದ ನೀರು ಮಾತ್ರ ಹೊಸದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಮಂಗಳೂರಿಗೆ ದುಡಿಯಲು ಹೋದವರು, ಅವರನ್ನು ಮಾತಾಡಿಸಲು ಊರಿಂದ ಬಂದವರು, ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಕ್ರೂಸರ್‌ನಲ್ಲಿ ಇಳಿದವರು ಆ ನೀರನ್ನು ಮೊದಲ ಸಲ ಕಾಣುವುದು ಬಹಳ ಸಲ ಪಣಂಬೂರಿನಲ್ಲಿ. ಜನರನ್ನು ನಿಲ್ಲಿಸದೆ, ಅವರು ಇದ್ದ ಹಾಗೆಯೇ ಫೋಟೊ ತೆಗೆಯುವ ಹುಚ್ಚಿದ್ದವರು ಒಂದು ದಿನ ಪೂರ್ತಿ ಕಳೆಯಬೇಕಾದ ಕಡಲತೀರ ಇದು. ಮುರುಡೇಶ್ವರದಲ್ಲಿ ಶಿವನ ಪ್ರತಿಮೆ ಎಲ್ಲರ ಕಣ್ಣನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಪಣಂಬೂರಿನಲ್ಲಿ ಅಂಥ ಪೈಪೋಟಿ ಇಲ್ಲ. ಸಮುದ್ರ ಇದೆ, ಜನ ಇದ್ದಾರೆ.

ವಿಜಯಪುರದಿಂದ ಮಂಗಳೂರಿಗೆ ನೇರ ರೈಲಿದೆ. ಬಾಗಲಕೋಟೆ, ಗದಗ, ಹುಬ್ಬಳ್ಳಿ ದಾಟಿ, ಸಕಲೇಶಪುರದಾಚೆ ಘಟ್ಟ ಇಳಿದು ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ. ನಗರದಿಂದ ಪಣಂಬೂರು ಹತ್ತು ಕಿ.ಮೀ. ಆಸುಪಾಸು, ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಸುರತ್ಕಲ್ ಕಡೆಯ ಸಿಟಿ ಬಸ್ ಹತ್ತಿ, ಹೆದ್ದಾರಿಯಲ್ಲಿ ಇಳಿದು, ಪಶ್ಚಿಮಕ್ಕೆ ಆಟೊ ಹಿಡಿದರಾಯಿತು.

ತೀರಕ್ಕೆ ಅಂಟಿಕೊಂಡೇ ನವಮಂಗಳೂರು ಬಂದರು. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾದ ಇದನ್ನು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು ನೀರಿನಲ್ಲಿ ಕಲಸಿದ ರಾಡಿಯಾಗಿ ಕೊಳವೆಯಲ್ಲಿ ಹರಿದು ಬರುತ್ತಿದ್ದದ್ದು ಇಲ್ಲಿಗೇ; 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಬಂದರು ಪಕ್ಕದಲ್ಲಿರುವುದರಿಂದ ಸರದಿಗಾಗಿ ಕಾಯುವ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಒಳನಾಡಿನ ಮಕ್ಕಳು ಮೊದಲು ಬೆರಳು ಮಾಡಿ ತೋರಿಸುವುದು ಅವನ್ನೇ. ಬಂದರಿಗೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕಾವಲು. ಡ್ರೋನ್ ಮನೆಯಲ್ಲೇ ಬಿಟ್ಟು ಬರುವುದು ಕ್ಷೇಮ.

ಇನ್ನು ಬೆಳಕಿನ ವಿಷಯ. ಬೆಳಿಗ್ಗೆ ಸೂರ್ಯ ನೆಲದ ಕಡೆಯಿಂದ ಏರುತ್ತಾನೆ. ಸಮುದ್ರ ನೋಡುವವರ ಮುಖ ನೆರಳಿನಲ್ಲಿ, ಬೆನ್ನು ಬಿಸಿಲಿನಲ್ಲಿ. ಆಗ ಸಿಗುವುದು ವಾಕಿಂಗ್ ಬಂದ ಊರವರು, ಓಡುವ ನಾಯಿಗಳು, ಅಂಗಡಿಯ ತಾಡಪಾಲು ಬಿಚ್ಚುವವರು. ಮಧ್ಯಾಹ್ನ ನೆತ್ತಿಯ ಬಿಸಿಲು ಕಣ್ಣುಗಳ ಕೆಳಗೆ ಕಪ್ಪು ಗುಂಡಿ ತೋಡುತ್ತದೆ. ಗಾಳಿಮರದ ನೆರಳಿಗೆ ಸರಿಯಬೇಕು. ಅಲ್ಲಿ ಬುತ್ತಿ ಬಿಚ್ಚಿರುತ್ತಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಉಣ್ಣುವವರ ಮುಂದೆ ಕ್ಯಾಮೆರಾ ಹಿಡಿಯುವುದು ನನಗಂತೂ ಒಗ್ಗುವುದಿಲ್ಲ. ಕೂತು ಎರಡು ತುತ್ತು ಉಂಡರೆ ಆಮೇಲೆ ಕ್ಯಾಮೆರಾವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ನಿಜವಾದ ಕೆಲಸ ನಾಲ್ಕೂವರೆಯ ಮೇಲೆ. ಬಿಸಿಲು ಈಗ ಸಮುದ್ರದ ಕಡೆಯಿಂದ, ಅಡ್ಡಕ್ಕೆ ಬರುತ್ತದೆ. ಸಮುದ್ರ ನೋಡುವ ಪ್ರತಿ ಮುಖದ ಮೇಲೂ ಅದು ಬೀಳುತ್ತದೆ. ಎಲ್ಲರೂ ದಡದಲ್ಲಿ ನಿಂತು ಮುಳುಗುವ ಸೂರ್ಯನನ್ನು ತೆಗೆಯುತ್ತಿರುವಾಗ ನೀವು ಪಾದ ಮುಳುಗುವಷ್ಟು ನೀರಿಗಿಳಿದು, ಸಮುದ್ರಕ್ಕೆ ಬೆನ್ನು ಹಾಕಿ ತಿರುಗಿ ನಿಲ್ಲಿ. ಪಟಕಾ ಸುತ್ತಿದ ಮುದುಕರೊಬ್ಬರು ಧೋತರ ಮೊಣಕಾಲಿಗೆ ಎತ್ತಿ ತೆರೆ ಬರುವುದನ್ನು ಹುಬ್ಬುಗಂಟಿಕ್ಕಿ ಕಾಯುತ್ತಾರೆ. ಇಳಕಲ್ ಸೀರೆಯ ಹೆಂಗಸು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ತಾಗಿಸುತ್ತಾಳೆ. ಉಪ್ಪೆಂದು ಶಾಲೆಯ ಪುಸ್ತಕ ಹೇಳಿದ್ದರೂ ರುಚಿ ನೋಡದೆ ನಂಬುವುದಿಲ್ಲ. ಆ ಕ್ಷಣ ಮುಖ ಹಿಂಡಿಕೊಳ್ಳುತ್ತದೆ, ಪಕ್ಕದವರು ನಗುತ್ತಾರೆ. ಕ್ಲಿಕ್ ಮಾಡಲು ಅರ್ಧ ಸೆಕೆಂಡಿಗಿಂತ ಹೆಚ್ಚು ಸಮಯ ಇರುವುದಿಲ್ಲ. 35 ಎಂಎಂ ಲೆನ್ಸ್ ಸಾಕು, ಷಟರ್ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಉಪ್ಪು ಗಾಳಿಯಲ್ಲಿ ಲೆನ್ಸ್ ಬದಲಿಸುವುದಂತೂ ಬೇಡವೇ ಬೇಡ.

ಬೆನ್ನು ಹಾಕಿ ನಿಂತವರಿಗೆ ಅಪಾಯವೂ ಇದೆ. ಇಲ್ಲಿನ ಸೆಳೆತ ಮೇಲಿನಿಂದ ಕಾಣುವಷ್ಟು ಸೌಮ್ಯವಲ್ಲ. ಜೀವರಕ್ಷಕರ ಸೀಟಿ ಕೇಳಿದರೆ ಚಿತ್ರ ಬಿಟ್ಟು ಮೇಲೆ ಬನ್ನಿ. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಈ ತೀರದಲ್ಲಿ ಹಿಂದೆ ಅಂತರರಾಷ್ಟ್ರೀಯ ಗಾಳಿಪಟ ಉತ್ಸವಗಳೂ ನಡೆದಿವೆ. ಜನಜಂಗುಳಿ ಬೇಡ ಎನ್ನುವವರಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ ಇದೆ. ಆದರೆ ಜನಜಂಗುಳಿ ಬೇಡದವರಿಗೆ ಈ ಲೇಖನದಿಂದ ಏನೂ ಉಪಯೋಗವಿಲ್ಲ.

ಮಾರ್ಟಿನ್ ಪಾರ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ 1983ರಿಂದ 85ರವರೆಗೆ ಲಿವರ್‌ಪೂಲ್ ಹತ್ತಿರದ ನ್ಯೂ ಬ್ರೈಟನ್ ತೀರದಲ್ಲಿ ರಜೆಗೆ ಬಂದ ದುಡಿಯುವ ಜನರನ್ನು ಹಾಡಹಗಲಲ್ಲೇ ಫ್ಲ್ಯಾಶ್ ಹಾಕಿ ತೆಗೆದ. ಆ ಚಿತ್ರಗಳ ಪುಸ್ತಕ ಬಂದಾಗ, ಬಡವರನ್ನು ಗೇಲಿ ಮಾಡಿದ್ದಾನೆಂದು ಹಲವರು ಬೈದರು. ಪಣಂಬೂರಿನಲ್ಲೂ ಚಿತ್ರಕ್ಕೂ ಗೇಲಿಗೂ ನಡುವಿನ ಗೆರೆ ತೆಳ್ಳಗಿದೆ. ವಾರವಿಡೀ ಸಿಮೆಂಟು ಹೊತ್ತು ಭಾನುವಾರ ಸಮುದ್ರಕ್ಕೆ ಬಂದವನ ಬೆರಗು ಚಿತ್ರಕ್ಕೆ ಸಿಕ್ಕರೆ ಸರಿ, ಅವನ ಹರಿದ ಬನಿಯನ್ನಿಗಾಗಿ ಕಾದು ಕೂರುವುದು ತಪ್ಪು. ಒದ್ದೆ ಬಟ್ಟೆಯ ಹೆಂಗಸರನ್ನು ತೆಗೆಯಬಾರದು. ಮಕ್ಕಳಾದರೆ ತಂದೆ ತಾಯಿಗೆ ತೋರಿಸಬೇಕು, ಬೇಡವೆಂದರೆ ಅವರ ಕಣ್ಣೆದುರೇ ಅಳಿಸಬೇಕು. ದೊಡ್ಡವರಿಗೂ ತೆಗೆದ ಮೇಲೆ ತೋರಿಸುವುದು ನನ್ನ ರೂಢಿ.

ಹಾಗೆ ತೋರಿಸಿದಾಗ ನಮ್ಮ ಕಡೆಯ ಒಂದು ಕುಟುಂಬದ ಹಿರಿಯ ಹೆಂಗಸು ಕ್ಯಾಮೆರಾದ ಪರದೆಯನ್ನು ಸೆರಗಿನಿಂದ ನೆರಳು ಮಾಡಿಕೊಂಡು ನೋಡಿದಳು. ಉಪ್ಪು ನೀರಿಗೆ ಮುಖ ಹಿಂಡಿದ ಅವಳದೇ ಚಿತ್ರ. ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಚಿತ್ರ.

‘ಯಪ್ಪಾ, ಇದರಾಗ ಸಮುದ್ರನ ಇಲ್ಲಲ್ಲೋ,’ ಅಂದಳು.

‘ನೀವು ಸಮುದ್ರ ನೋಡಾಕತ್ತೀರಿ ಯವ್ವಾ, ಅದಕ್ಕ ಹಿಂಗ ಬಂದೈತಿ.’

‘ನಾವು ಇಲ್ಲಿಗೆ ಬಂದಿದ್ವಿ ಅಂತ ಊರಾಗ ಯಾರು ನಂಬತಾರ? ತಡಿ, ಸಾಲಾಗಿ ನಿಂದರ್ತೀವಿ.’

ಮಗ ಅಂಗಿ ತೊಟ್ಟು ಗುಂಡಿ ಹಾಕಿಕೊಂಡ, ಸೊಸೆ ಸೆರಗು ಹೊದ್ದಳು, ಮೊಮ್ಮಕ್ಕಳನ್ನು ಮುಂದೆ ಎಳೆದು ನಿಲ್ಲಿಸಿದರು. ಒಬ್ಬರ ಮುಖದಲ್ಲೂ ನಗುವಿಲ್ಲ. ಬೆನ್ನ ಹಿಂದೆ ಉದ್ದಕ್ಕೂ ಸಮುದ್ರ, ಎಡಮೂಲೆಯಲ್ಲಿ ಒಂದು ಹಡಗು. ತೆಗೆದೆ. ಮಗ ಮೊಬೈಲ್ ನಂಬರ್ ಕೊಟ್ಟು, ಹಡಗು ಕಾಣುವ ಚಿತ್ರವನ್ನಷ್ಟೇ ವಾಟ್ಸ್‌ಆ್ಯಪ್ ಮಾಡಿ, ಇನ್ನೊಂದು ಬೇಡ ಎಂದ.