ಸಾರು ಮೊದಲೋ, ಸಾಂಬಾರು ಮೊದಲೋ?

ಬೆಂಗಳೂರಿನ ಯಾವುದೋ ಮದುವೆ ಛತ್ರ. ಹುಡುಗಿ ಕಡೆಯವರು ಕನ್ನಡದವರು, ಹುಡುಗನ ಕಡೆಯವರು ತಮಿಳರು. ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆ ಪಲ್ಯ ಬಡಿಸಿ ಆಗಿದೆ. ಅನ್ನ ಬಂತು, ತೊವ್ವೆ ಬಂತು, ಮೇಲೊಂದು ಮಿಳ್ಳೆ ತುಪ್ಪ ಬಿತ್ತು. ಅಷ್ಟರಲ್ಲಿ ಬಡಿಸುವ ಹುಡುಗ ಸಾರಿನ ಬಕೆಟ್ ಹಿಡಿದು ಪಂಕ್ತಿಯ ತುದಿಯಿಂದ ಶುರು ಮಾಡುತ್ತಾನೆ. ಬೀಗರ ಸಾಲಿನ ಹಿರಿಯರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು, "ಸಾಂಬಾರ್ ಇಲ್ಲವಾ?" ಎನ್ನುತ್ತಾರೆ. "ಬರುತ್ತೆ ಸಾರ್, ಮೊದಲು ಸಾರು" ಎಂದು ಹುಡುಗ ಮುಂದಿನ ಎಲೆಗೆ ಹೋಗುತ್ತಾನೆ. ಹಿರಿಯರು ಪಕ್ಕದವರ ಮುಖ ನೋಡುತ್ತಾರೆ. ಊಟ ಶುರುವಾಗುವ ಮೊದಲೇ ಮುಗಿಸುತ್ತಿದ್ದಾರೇನೋ ಎಂಬ ಅನುಮಾನ!

ಅವರ ಅನುಮಾನ ತಪ್ಪಲ್ಲ. ತಮಿಳರ ಎಲೆಯಲ್ಲಿ ಮೊದಲು ಸಾಂಬಾರು, ಆಮೇಲೆ ಕುಳಂಬು, ನಂತರ ರಸಂ, ಪಾಯಸ, ಕೊನೆಗೆ ಮೊಸರು ಅಥವಾ ಮಜ್ಜಿಗೆ. ರಸಂ ಬಂತೆಂದರೆ ಊಟ ಕೊನೆಯ ಘಟ್ಟಕ್ಕೆ ಬಂತೆಂದೇ ಲೆಕ್ಕ. ಉಡುಪಿ, ಮಲೆನಾಡು, ಹಳೇ ಮೈಸೂರಿನ ಬಹಳಷ್ಟು ಮನೆಗಳಲ್ಲಿ ಇದು ತಿರುವುಮುರುವು. ಮೊದಲು ತೆಳ್ಳಗಿನ ಸಾರು, ಹಸಿವು ಕೆರಳಿದ ಮೇಲೆ ತರಕಾರಿ ಹೋಳುಗಳ ಗಟ್ಟಿ ಹುಳಿ. ತಮಾಷೆಯೆಂದರೆ ರಸ ಎಂದರೂ ಸಾರ ಎಂದರೂ ಹೆಚ್ಚುಕಡಿಮೆ ಒಂದೇ ಅರ್ಥ. ಹೆಸರಿನಲ್ಲಿ ಜಗಳವಿಲ್ಲ, ಜಗಳ ಇರುವುದು ಸರದಿಯಲ್ಲಿ.

ದಕ್ಷಿಣ ಭಾರತದ ಊಟ ಎಂದರೆ ಒಂದೇ ಎಂದು ನಂಬಿದವರು ಪಕ್ಕದ ಆಂಧ್ರದ ಎಲೆಯನ್ನೊಮ್ಮೆ ನೋಡಬೇಕು. ಅಲ್ಲಿ ಬಿಸಿ ಅನ್ನಕ್ಕೆ ಮೊದಲು ಬೀಳುವುದು ಮುದ್ದಪಪ್ಪು, ತುಪ್ಪ, ಜೊತೆಗೆ ಕೆಂಪು ಎಣ್ಣೆ ತೇಲುವ ಆವಕಾಯಿ. ನಮ್ಮಲ್ಲಿ ಎಲೆಯ ಅಂಚಿನಲ್ಲಿ ಕೂತು ನಾಲಿಗೆಗೆ ಆಗಾಗ ತಾಗುವ ಉಪ್ಪಿನಕಾಯಿ ಅಲ್ಲಿ ಅನ್ನಕ್ಕೇ ಕಲೆಸಿಕೊಳ್ಳುವ ಪದಾರ್ಥ. ಗೋಂಗುರ ಪಚ್ಚಡಿಯದೂ ಅದೇ ದರ್ಜೆ. ಕೇರಳದ 'ಸದ್ಯ' ಎಂಬ ಎಲೆಯೂಟದಲ್ಲಿ ಪರಿಪ್ಪು ಎಂಬ ಬೇಳೆ, ತುಪ್ಪದ ಮೇಲೆ ಹಪ್ಪಳ ಪುಡಿ ಮಾಡಿ ಅನ್ನದ ಜೊತೆ ಕಲೆಸುತ್ತಾರೆ. ಪಾಯಸವನ್ನು ನೇರ ಎಲೆಗೇ ಸುರಿದು, ಅದಕ್ಕೂ ಬಾಳೆಹಣ್ಣು, ಹಪ್ಪಳ ಕಿವುಚಿ ತಿನ್ನುವವರಿದ್ದಾರೆ. ಹಪ್ಪಳವೆಂದರೆ ಕರಂಕುರುಂ ಅನ್ನಬೇಕು ಎಂದುಕೊಂಡ ಕನ್ನಡಿಗರಿಗೆ ಇದು ಸ್ವಲ್ಪ ಸಂಕಟದ ದೃಶ್ಯ.

ಈ ಸರದಿಯ ಶಿಸ್ತು ಇಷ್ಟು ಬಿಗಿಯಾಗಿದ್ದು ಯಾಕೆ? ಒಂದು ಕಾರಣ ಎಲೆಯೇ ಇರಬೇಕು. ಬಾಳೆ ಎಲೆಗೆ ಎದ್ದು ನಿಂತ ಅಂಚಿಲ್ಲ, ಬಟ್ಟಲುಗಳಿಲ್ಲ. ಬಡಿಸುವುದರಲ್ಲಿ ಅರ್ಧಕ್ಕರ್ಧ ಹರಿಯುವ ಪದಾರ್ಥ. ಎಲ್ಲವನ್ನೂ ಒಟ್ಟಿಗೆ ಬಡಿಸಿದರೆ ಸಾರು, ಹುಳಿ, ಮಜ್ಜಿಗೆಹುಳಿ ಸೇರಿ ಮಡಿಲಿಗೆ ಹರಿಯುತ್ತವೆ. ಅದಕ್ಕೇ ಒಂದೊಂದಕ್ಕೂ ಒಂದೊಂದು ಪಾಲು ಅನ್ನ, ಒಂದೊಂದು ಸರದಿ. ಅನ್ನದ ನಡುವೆ ಗುಂಡಿ ತೋಡಿ, ಸಾರು ಒಡೆದು ಹೋಗುವ ಮೊದಲು ನಾಲ್ಕು ಬೆರಳಲ್ಲಿ ದಡ ಕಟ್ಟುವುದು ಪಂಕ್ತಿಯಲ್ಲಿ ಕೂತ ಮಗು ಕಲಿಯುವ ಮೊದಲ ನೀರಾವರಿ ಪಾಠ.

ಅನ್ನ ಉಣ್ಣುವ ಪೂರ್ವದವರಲ್ಲೂ ಸರದಿ ಉಂಟು, ಆದರೆ ಅದು ಕಹಿಯಿಂದ ಶುರು. ಬಂಗಾಳಿಗಳ ಮಧ್ಯಾಹ್ನದ ಊಟದಲ್ಲಿ ಮೊದಲು ಬರುವುದು ಶುಕ್ತೊ: ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ ಹಾಕಿದ ಕಹಿ ಪಲ್ಯ. ಆಮೇಲೆ ಬೇಳೆಯ ಜೊತೆ ಕರಿದ ತರಕಾರಿ, ನಂತರ ಮೀನು, ಕಡೆಗೆ ಸಿಹಿ ಚಟ್ನಿ, ಹಪ್ಪಳ, ಮಿಷ್ಟಿ ದೊಯಿ. ನಮ್ಮಲ್ಲಿ ಎಲೆಗೆ ಮೊದಲು ಬೀಳುವ ಚಟ್ನಿ ಅಲ್ಲಿ ಊಟದ ಕೊನೆಗೆ ಬರುತ್ತದೆ, ಅದೂ ಸಿಹಿಯಾಗಿ. ಅಸ್ಸಾಮಿನಲ್ಲಿ ಮೊದಲ ತುತ್ತು ಖಾರ್‌. ಹೆಸರು ಕೇಳಿ ನೀರು ಹುಡುಕಬೇಕಿಲ್ಲ, ಅದು ನಮ್ಮ ಮೆಣಸಿನಕಾಯಿಯ ಖಾರವಲ್ಲ. ಒಣಗಿದ ಬಾಳೆಯ ಸಿಪ್ಪೆ ಸುಟ್ಟು, ಬೂದಿಗೆ ನೀರು ಹಾಕಿ ಸೋಸಿದ ಕ್ಷಾರದಲ್ಲಿ ಪರಂಗಿಕಾಯಿಯಂಥ ತರಕಾರಿ ಬೇಯಿಸಿದ್ದು.

ಶ್ರೀಲಂಕಾದಲ್ಲಿ ಮಾತ್ರ ಈ ಸರದಿಯೇ ಇಲ್ಲ. ತಟ್ಟೆಯ ನಡುವೆ ಅನ್ನ, ಸುತ್ತ ತೆಂಗಿನ ಹಾಲಿನ ಬೇಳೆ, ಎರಡು ಮೂರು ತರಕಾರಿ, ಸೊಪ್ಪಿನ ಮಲ್ಲುಂ, ಕಾಯಿತುರಿ ಮತ್ತು ಒಣಮೆಣಸಿನ ಪೊಲ್ ಸಂಬೋಲ. ಪ್ರತಿ ತುತ್ತಿನಲ್ಲೂ ಯಾವುದನ್ನು ಎಷ್ಟು ಸೇರಿಸಬೇಕೆಂಬುದು ಉಣ್ಣುವವರ ಬೆರಳಿಗೆ ಬಿಟ್ಟದ್ದು. ನೇಪಾಳದ ದಾಲ್ ಭಾತ್ ತರ್ಕಾರಿಯೂ ಹಾಗೇ, ಒಂದೇ ತಟ್ಟೆಯ ಸಂಸಾರ. ಅಲ್ಲಿ ಬೆಳಗಿನ ಹತ್ತರ ಸುಮಾರಿಗೇ ಒಂದು ಪೂರ್ತಿ ಊಟ ಮುಗಿಸುವ ರೂಢಿ ಉಂಟು, ಸಂಜೆ ಮತ್ತೆ ಅದೇ. ಪಂಜಾಬಿಗೋ ಲಾಹೋರಿಗೋ ಹೋದರೆ ಪ್ರಶ್ನೆಯೇ ಏಳುವುದಿಲ್ಲ. ರೊಟ್ಟಿಯೇ ಚಮಚ, ಮುರಿದು ಅದ್ದಿದರಾಯಿತು.

ಒಂದು ನಾಡು ಯಾವುದನ್ನು ಊಟ ಎಂದು ಎಣಿಸುತ್ತದೆ ಎಂಬುದು ಅಲ್ಲಿನವರು ಕುಶಲ ವಿಚಾರಿಸುವ ಮಾತಿನಲ್ಲೇ ಗೊತ್ತಾಗುತ್ತದೆ. ಬಂಗಾಳಿಗಳು "ಭಾತ್ ಖೇಯೆಛೊ?" ಎನ್ನುತ್ತಾರೆ, ಅನ್ನ ಉಂಡೆಯಾ ಎಂದು. ಸಿಂಹಳೀಯರು "ಬತ್ ಕಾವದ?" ಎನ್ನುತ್ತಾರೆ, ಅದೂ ಅನ್ನವೇ. ಮಲೆಯಾಳಿಗಳ "ಚೋರುಂಡೋ?" ಕೂಡ ಅನ್ನದ ವಿಚಾರಣೆ. ಪಂಜಾಬಿನಲ್ಲಿ ಕೇಳುವುದು ರೊಟ್ಟಿ ತಿಂದೆಯಾ ಎಂದು. ಕನ್ನಡದ "ಊಟ ಆಯ್ತಾ?" ಮಾತ್ರ ಯಾವ ಧಾನ್ಯದ ಹೆಸರನ್ನೂ ಎತ್ತುವುದಿಲ್ಲ. ಎತ್ತುವಂತೆಯೂ ಇಲ್ಲ. ವಿಜಯಪುರದಲ್ಲಿ ಕೇಳಿದರೆ ಅದು ಜೋಳದ ರೊಟ್ಟಿ, ಮಂಡ್ಯದಲ್ಲಿ ಮುದ್ದೆ, ಮಂಗಳೂರಿನಲ್ಲಿ ಕುಚ್ಚಲಕ್ಕಿ ಅನ್ನ, ಕೊಡಗಿನಲ್ಲಿ ಅಕ್ಕಿ ಕಡಂಬಿಟ್ಟೂ ಆದೀತು. ಒಂದೇ ರಾಜ್ಯದೊಳಗೆ ರೊಟ್ಟಿಯ ಉತ್ತರವೂ ಅನ್ನದ ದಕ್ಷಿಣವೂ ಎದುರಾಗುವ ಗಡಿರೇಖೆ ಹಾದುಹೋಗಿದೆ.

ಮುದ್ದೆಯಂತೂ ಈ ಇಡೀ ಉಪಖಂಡದ ಲೆಕ್ಕಕ್ಕೆ ಸಿಗದ ಆಸಾಮಿ. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ಬೆಂದ ಮೇಲೆ ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟುತ್ತಾರೆ. ತಟ್ಟೆಗೆ ಬಿದ್ದಾಗ ಹೊಳೆಯಬೇಕು, ಕೈಗೆ ಅಂಟಬಾರದು. ಉಣ್ಣುವವರು ಬಿಸಿ ಮುದ್ದೆಯ ಅಂಚನ್ನು ಬೆರಳಲ್ಲಿ ಮುರಿದು, ಬಸ್ಸಾರಿನಲ್ಲೋ ಉಪ್ಪುಸಾರಿನಲ್ಲೋ ಹೊರಳಿಸಿ, ಹಾಗೇ ನುಂಗುತ್ತಾರೆ. ಅಗಿಯುವುದಿಲ್ಲ. ಹೊಸಬರು ಅಗಿಯಲು ಹೋಗಿ, ಹಲ್ಲಿಗೆ ಮೆತ್ತಿಕೊಂಡು ಪೇಚಾಡುವುದನ್ನು ನೋಡುವುದು ಹಳ್ಳಿಯ ಅಜ್ಜಿಯರಿಗೆ ಬಿಟ್ಟಿ ಮನರಂಜನೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೆ ಬೇಕಾದದ್ದು ಇದಕ್ಕೆ ವಿರುದ್ಧ: ಬಲವಾದ ಹಲ್ಲು, ಪುರುಸೊತ್ತು, ಎಣ್ಣೆಗಾಯಿ, ಶೇಂಗಾ ಚಟ್ನಿ, ಮುದ್ದಿಪಲ್ಯ, ಕಡಿದುಕೊಳ್ಳಲು ಹಸಿ ಈರುಳ್ಳಿ. ರೊಟ್ಟಿ ಮುಗಿದ ಮೇಲೆ ಅನ್ನ, ಸಾರು. ಅಲ್ಲಿ ಅನ್ನ ಊಟದ ಬಾಲ, ತೆಂಕಣಕ್ಕೆ ಬಂದರೆ ಅದೇ ತಲೆ.

ಈ ಭೇದಗಳು ದೇಹಕ್ಕೆ ಏನು ಮಾಡುತ್ತವೆ ಎಂದು ಇಲಿಗಳನ್ನಿಟ್ಟು ಪರೀಕ್ಷಿಸಿದವರೂ ಉಂಟು. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ರೋಗದ ಶೋಧಕ್ಕೆಂದು ಒಂದು ಚಿಕ್ಕ ಪ್ರಯೋಗಾಲಯ ಶುರುವಾಯಿತು. ಅದರ ಮುಖ್ಯಸ್ಥರು ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ. ಅವರು ಇಲಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಜನರ ಊಟ ಹಾಕಿದರು: ಸಿಖ್, ಪಠಾಣ, ಮರಾಠಾ, ಗೂರ್ಖಾ, ಕನ್ನಡ, ಬಂಗಾಳಿ, ಮದರಾಸಿ. ಬೆಳವಣಿಗೆಯಲ್ಲಿ ಸಿಖ್ಖರ ಊಟ ಉಂಡ ಇಲಿಗಳದು ಮೊದಲ ಸ್ಥಾನ, ಮದರಾಸಿನವಕ್ಕೆ ಕೊನೆಯದು, ಕನ್ನಡದ ಇಲಿಗಳಿಗೆ ಐದನೆಯದು. ಕೆಲವರು ಇದನ್ನು ರೊಟ್ಟಿಯ ಗೆಲುವು, ಅನ್ನದ ಸೋಲು ಎಂದು ಓದಿಕೊಂಡರು. ಆದರೆ ಸಿಖ್ಖರ ತಟ್ಟೆಯಲ್ಲಿ ಇಡೀ ಗೋಧಿಯ ಜೊತೆ ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ ಇದ್ದವು. ಬಡ ಮದರಾಸಿಯ ತಟ್ಟೆಯಲ್ಲಿ ತವುಡು ತೆಗೆದ ಬಿಳಿ ಅಕ್ಕಿಯೇ ಹೆಚ್ಚು, ಹಾಲು ಅಷ್ಟಕ್ಕಷ್ಟೇ. ಸೋತದ್ದು ಅನ್ನಕ್ಕಿಂತ ಬಡತನ ಮತ್ತು ಅಕ್ಕಿ ಗಿರಣಿ ಎನ್ನುವುದು ಹೆಚ್ಚು ಸರಿ. ಕೂನೂರಿನ ಆ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು. ಈಗ ಅದರ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ.

ಕರಾವಳಿಯ ಕುಚ್ಚಲಕ್ಕಿ ಈ ತವುಡಿನ ವಿಷಯದಲ್ಲಿ ಜಾಣ. ಭತ್ತವನ್ನು ಸಿಪ್ಪೆಸಮೇತ ಬೇಯಿಸಿ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುವುದರಿಂದ ತವುಡಿನ ಬಿ ಜೀವಸತ್ವದಲ್ಲಿ ಒಂದಷ್ಟು ಕಾಳಿನೊಳಗೇ ಇಳಿದುಬಿಡುತ್ತದೆ. ಬೆಳ್ತಿಗೆ ಅಕ್ಕಿಯನ್ನೇ ಪಾಲಿಶ್ ಮಾಡಿ ಉಣ್ಣುತ್ತಿದ್ದ ಆಂಧ್ರದ ತೀರದಲ್ಲಿ ಒಂದು ಕಾಲಕ್ಕೆ ಆ ಜೀವಸತ್ವದ ಕೊರತೆಯ ಬೆರಿಬೆರಿ ಕಾಡಿತ್ತು.

ಅನ್ನದವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬಲ್ಲ ಒಂದು ಪದಾರ್ಥ ಯಾವ ಹೋಟೆಲಿನ ಮೆನುವಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ: ತಂಗಳನ್ನ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟರೆ ಬೆಳಗಿಗೆ ತುಸು ಹುಳಿಬಂದಿರುತ್ತದೆ. ಅದಕ್ಕೆ ಮಜ್ಜಿಗೆ, ಉಪ್ಪು, ಜೊತೆಗೆ ಈರುಳ್ಳಿ, ಹಸಿಮೆಣಸಿನಕಾಯಿ. ತಮಿಳರ ಪಳೈಯ ಸಾದಂ, ಕೇರಳದ ಪಳಂಗಂಜಿ, ತೆಲುಗರ ಚದ್ದನ್ನಂ, ಒಡಿಶಾದ ಪಖಾಳ, ಬಂಗಾಳದ ಪಾಂತಾ ಭಾತ್, ಅಸ್ಸಾಮಿನ ಪೊಯಿತಾ ಭಾತ್, ಎಲ್ಲವೂ ಇದರ ಒಡಹುಟ್ಟುಗಳೇ. ಗೆಯ್ಮೆಗೆ ಹೊರಟವರ ಹೊಟ್ಟೆ ತಂಪು ಮಾಡಿದ ಈ ಬಡವರ ಊಟಕ್ಕೆ ಈಗ ಮರ್ಯಾದೆ ಬಂದಿದೆ. ಒಡಿಯಾ ಜನ ಮಾರ್ಚ್ 20ನ್ನು ಪಖಾಳ ದಿನವೆಂದು ಆಚರಿಸುತ್ತಾರೆ. ಬಾಂಗ್ಲಾದೇಶದ ಪೇಟೆಗಳಲ್ಲಿ ಹೊಸವರ್ಷದ ದಿನ ಪಾಂತಾ ಜೊತೆ ದುಬಾರಿ ಇಲಿಶ್ ಮೀನು ತಿನ್ನುವುದು ಒಂದು ಫ್ಯಾಷನ್ನು. ಕನ್ನಡದಲ್ಲಿ ಮಾತ್ರ 'ತಂಗಳು' ಎಂಬ ಮಾತು ಇವತ್ತಿಗೂ ಮೂದಲಿಕೆಗೇ ಬಳಕೆ.

ಇನ್ನೊಂದು ದೊಡ್ಡ ಗೆರೆ ಎಳೆದಿರುವುದು ಪದಾರ್ಥಗಳಲ್ಲ, ಎಂಜಲು. ಕನ್ನಡದ ಎಂಜಲು, ತೆಲುಗಿನ ಎಂಗಿಲಿ, ತಮಿಳಿನ ಎಚ್ಚಿಲ್ ಒಂದೇ ಬೇರಿನವು, ನಡವಳಿಕೆಯೂ ಒಂದೇ ಬೇರಿನದು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಉಣ್ಣುವ ಕೈಯಿಂದ ಸೌಟು ಮುಟ್ಟದಿರುವುದು, ಪಕ್ಕದೆಲೆಗೆ ಕೈ ಹಾಕದಿರುವುದು. ಒಬ್ಬರಿಗೊಂದು ಎಲೆ, ಉಂಡ ಮೇಲೆ ಎತ್ತಿ ಎಸೆಯುವ ಎಲೆ. ಇದರ ಹಿಂದೆ ಮಡಿಯೂ ಇತ್ತು, ಜಾತಿಯೂ ಇತ್ತು, ಯಾರು ಯಾವ ಪಂಕ್ತಿಯಲ್ಲಿ ಕೂರಬೇಕೆಂಬ ಕಟ್ಟಳೆಯೂ ಇತ್ತು. ಚೊಕ್ಕಟತನದ ಹೆಸರಿನಲ್ಲಿ ಅದನ್ನು ಮರೆಮಾಚುವುದು ಬೇಡ. ಕಾಶ್ಮೀರದ ವಾಜ್ವಾನ್ ಔತಣ ಈ ಎಂಜಲಿನ ಕಟ್ಟಳೆಗೆ ನೇರ ಎದುರು. ತ್ರಾಮಿ ಎಂಬ ದೊಡ್ಡ ತಾಮ್ರದ ಹರಿವಾಣದ ಸುತ್ತ ನಾಲ್ವರು ಕೂತು ಒಂದೇ ಅನ್ನದ ರಾಶಿಗೆ ಕೈ ಹಾಕುತ್ತಾರೆ. ದಾವೂದಿ ಬೋಹ್ರಾ ಮುಸ್ಲಿಮರೂ ಒಂದೇ ಥಾಲಿನ ಸುತ್ತ ಕೂತು ಉಣ್ಣುತ್ತಾರೆ, ಚಿಟಿಕೆ ಉಪ್ಪಿನಿಂದ ಶುರು ಮಾಡುತ್ತಾರೆ. ಅಲ್ಲಿ ಹಂಚಿಕೊಂಡ ತಟ್ಟೆಯೇ ಗೌರವ.

ಇಷ್ಟೆಲ್ಲ ವೈವಿಧ್ಯ ಹೊರಗಿನವರ ಕಣ್ಣಿಗೆ ಇಡ್ಲಿ, ವಡೆ, ದೋಸೆ, ಸಾಂಬಾರು ಎಂಬ ನಾಲ್ಕೇ ಹೆಸರಿಗೆ ಇಳಿದದ್ದರಲ್ಲಿ ನಮ್ಮವರ ಪಾಲೂ ಇದೆ. ಉಡುಪಿಯ ಕಡೆಯಿಂದ ಹೊರಟ ಹೋಟೆಲಿನವರು ಇಪ್ಪತ್ತನೇ ಶತಮಾನದಲ್ಲಿ ಮದರಾಸು, ಮುಂಬೈ, ಆಚೆಗೆ ದಿಲ್ಲಿಯವರೆಗೂ ದೋಸೆ ಕಾವಲಿ ಹೊತ್ತೊಯ್ದರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಉಡುಪಿ ಸೀಮೆಯವರು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುಮಾಡಿದ ಮಯ್ಯರೂ ಆ ಕಡೆಯವರೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಇಡ್ಲಿಯ ಹೆಸರೋ ಇನ್ನೂ ಹಳೆಯದು. ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲೇ 'ಇಡ್ಡಲಿಗೆ' ಇದೆ.

ಆದರೆ ಈ ಹೋಟೆಲುಗಳು ಹೊತ್ತೊಯ್ದದ್ದು ತಿಂಡಿಯನ್ನು, ಊಟವನ್ನಲ್ಲ. ಕನ್ನಡಿಗರಿಗೆ ಇವೆರಡೂ ಬೇರೆ ಬೇರೆ ಲೋಕ. ಬೆಳಿಗ್ಗೆ "ತಿಂಡಿ ಆಯ್ತಾ?" ಎಂದು ಕೇಳಿದವರೇ ಮಧ್ಯಾಹ್ನ "ಊಟ ಆಯ್ತಾ?" ಎಂದು ಮತ್ತೆ ಕೇಳುತ್ತಾರೆ. ದಿಲ್ಲಿಯ ಕುಟುಂಬವೊಂದು ರಾತ್ರಿ ಎಂಟೂವರೆಗೆ ಹೋಟೆಲಿಗೆ ಹೋಗಿ, ಮಸಾಲೆ ದೋಸೆಯನ್ನು ಮುಳ್ಳುಚಮಚದಲ್ಲಿ ಬಿಡಿಸಿ ತಿಂದು, ಸೌತ್ ಇಂಡಿಯನ್ ಊಟ ಮಾಡಿ ಬಂದೆವು ಎನ್ನುತ್ತದೆ. ದಾವಣಗೆರೆಯವರಿಗೆ ಬೆಣ್ಣೆದೋಸೆ ಎಷ್ಟೇ ತಿಂದರೂ ಮನೆಗೆ ಬಂದು ಎರಡು ತುತ್ತು ಅನ್ನ ಉಂಡರೇ ಸಮಾಧಾನ. ಇನ್ನು ಬೆಂಗಳೂರಿನ ಹೋಟೆಲ್ ಸಾಂಬಾರಿನ ಬೆಲ್ಲದ ಬಗ್ಗೆ ಚೆನ್ನೈನವರ ತಕರಾರು ಮುಗಿಯುವಂಥದ್ದಲ್ಲ. ಆ ತಕರಾರು ಹೇಳುತ್ತಲೇ ಅವರು ಇನ್ನೊಂದು ಬಟ್ಟಲು ಕೇಳುವುದೂ ಉಂಟು.

ಛತ್ರದ ಪಂಕ್ತಿಗೆ ಮರಳಿದರೆ, ಅಲ್ಲಿ ಹುಳಿ ಬಂದು ಹೋಗಿದೆ. ತಮಿಳು ಹಿರಿಯರು ಅದನ್ನು ಸಾಂಬಾರೆಂದೇ ಕಲೆಸಿ ಉಂಡು, ಆಮೇಲೆ ಹುಡುಗನನ್ನು ಕರೆದು ಸಾರು ಹಾಕಿಸಿಕೊಂಡಿದ್ದಾರೆ. ಅವರ ಸರದಿ ಅವರಿಗೆ ಸಿಕ್ಕಿದೆ. ಈಗ ಮಜ್ಜಿಗೆಯವನು ಬರುತ್ತಾನೆ. ಎರಡೂ ಕಡೆಯವರು ಬಲಗೈಯ ಅಂಗೈಯನ್ನೇ ಬಟ್ಟಲು ಮಾಡಿ ಬಾಗುತ್ತಾರೆ. ಶುಂಠಿ, ಕರಿಬೇವು, ಇಂಗು ಹಾಕಿದ ನೀರು ಮಜ್ಜಿಗೆ ಬೆರಳ ಸಂದಿಯಿಂದ ಜಾರಿ ಮೊಣಕೈವರೆಗೆ ಇಳಿಯುತ್ತದೆ. ಹೊಸ ರೇಷ್ಮೆ ಪಂಚೆಯನ್ನು ಎಡಗೈಯಲ್ಲಿ ಸರಿಸಿಕೊಳ್ಳುತ್ತ, ಸದ್ದು ಮಾಡಿ ಸುರಿಯುತ್ತ, ಇನ್ನೊಂದು ಸಲ ಎಂದು ಹಿರಿಯರು ಅಂಗೈ ಮುಂದೆ ಚಾಚುತ್ತಾರೆ.