ಹಟಮಾರಿ ನಟ್ಟು
ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂಗಾಲಿಯ ಬ್ರೇಕ್ ಡ್ರಮ್ಮನ್ನು ಅಚ್ಚಿಗೆ ಬಂಧಿಸಿರುವುದು 36 ಮಿಲಿಮೀಟರ್ ಅಳತೆಯ ಒಂದೇ ನಟ್ಟು. ದಶಕಗಳ ತರುವಾಯ ಅದನ್ನು ಬಿಚ್ಚಹೊರಟರೆ ಬಲಶಾಲಿಯೂ ಸೋಲುತ್ತಾನೆ. ಇದೇಕೆ?

ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ತಿರುಪಿನ ಎಳೆಗಳ ನಡುವೆ ಬೆಳೆದ ತುಕ್ಕು ಬೆಣೆಯಂತೆ ಬಿಗಿದುಕೊಳ್ಳುತ್ತದೆ. ಮೇಲಾಗಿ ಈ ನಟ್ಟನ್ನು ಬಿಗಿಯುವಾಗಲೇ ಸುಮಾರು 30 ಕಿಲೋಗ್ರಾಂ-ಮೀಟರಿನಷ್ಟು ತಿರುಚುಬಲವನ್ನು ಪ್ರಯೋಗಿಸಿರುತ್ತಾರೆ. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಅದು 60 ಕಿಲೋಗ್ರಾಂ ಭಾರಕ್ಕೆ ಸಮ. ಹಿಡಿಗೆ ಗಟ್ಟಿ ಕೊಳವೆಯನ್ನು ತೊಡಿಸಿ ಒಂದೂವರೆ ಮೀಟರ್ ಮಾಡಿದರೆ 20 ಕಿಲೋಗ್ರಾಂ ಸಾಕು. ಆರ್ಕಿಮಿಡೀಸನು ವಿವರಿಸಿದ ಸನ್ನೆಯ ನಿಯಮವೇ ಇದು. ತುಕ್ಕಿನ ಹಿಡಿತಕ್ಕೆ ಇನ್ನಷ್ಟು ಬಲ ಬೇಕಾದೀತು.

ಆದುದರಿಂದ ಮೊದಲು ನಟ್ಟಿನ ಕಾಟರ್ ಪಿನ್ನನ್ನು ತೆಗೆದು, ತೆಳುವಾದ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಡೋಣ. ಕೂದಲೆಳೆಯಷ್ಟು ಕಿರಿದಾದ ಸಂದುಗಳು ದ್ರವವನ್ನು ತಾವಾಗಿಯೇ ಒಳಕ್ಕೆ ಸೆಳೆದುಕೊಳ್ಳುತ್ತವೆ. ಇದಕ್ಕೆ ಕೇಶಾಕರ್ಷಣೆಯೆಂದು ಹೆಸರು.

ಒಂದು ಎಚ್ಚರಿಕೆ ಮಾತ್ರ ಅವಶ್ಯಕ. ಜಾಕಿಯ ಮೇಲೆ ನಿಂತ ಕಾರಿನಲ್ಲಿ ಈ ನಟ್ಟಿನೊಡನೆ ಸೆಣಸಬಾರದು. ನಾವು ಹೂಡಿದ ಬಲವೇ ಕಾರನ್ನು ಜಾರಿಸಿ ಪ್ರಾಣಕ್ಕೆ ಎರವಾದೀತು. ಗಾಲಿಗಳು ನೆಲದ ಮೇಲೆಯೇ ಇರಲಿ, ಅವುಗಳ ಹಿಂದೆ ಮುಂದೆ ಅಡ್ಡಗಲ್ಲುಗಳಿರಲಿ. ನಟ್ಟು ಸಡಿಲಿದ ಬಳಿಕವೇ ಕಾರನ್ನು ಎತ್ತೋಣ.