ಸಿಂಗಾಪುರದ ತೊರಕೆ ಸಂಬಲ್: ಕೆಂಡ ಬೇಡ, ದೋಸೆ ಕಾವಲಿಯೇ ಸಾಕು

ಸಿಂಗಾಪುರ: ಸಂಜೆಯಾದರೆ ಇಲ್ಲಿನ ನ್ಯೂಟನ್, ಚೊಂಪ್ ಚೊಂಪ್, ಈಸ್ಟ್ ಕೋಸ್ಟ್ ಲಗೂನ್‌ಗಳ ಹಾಕರ್ ಸೆಂಟರ್‌ಗಳಲ್ಲಿ ಬಾಳೆಎಲೆ ಬಾಡುವ ವಾಸನೆ, ಅದರ ಹಿಂದೆಯೇ ಮೂಗಿಗೆ ಹೊಡೆಯುವ ಮೆಣಸಿನ ಘಾಟು. ಎಲೆಯ ಮೇಲೆ ಮಲಗಿರುವುದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ತೊರಕೆ. ಮಲಯ ಭಾಷೆಯಲ್ಲಿ ಇದಕ್ಕೆ ಇಕಾನ್ ಪಾರಿ ಎನ್ನುತ್ತಾರೆ, ಸುಟ್ಟ ಮೀನಿಗೆಲ್ಲ ಇಕಾನ್ ಬಾಕಾರ್ ಎಂಬ ಹೆಸರು. ಒಂದು ಕಾಲದಲ್ಲಿ ಹೆಚ್ಚು ಬೆಲೆಯಿಲ್ಲದ ಈ ಮೀನನ್ನು ಮೇಲೆತ್ತಿದ್ದು ಸಂಬಲ್. ಇಂಥ ಅಂಗಡಿಗಳ ಹಾಕರ್ ಸಂಸ್ಕೃತಿ 2020ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಯನ್ನೂ ಸೇರಿತು.

ಹೊರಗೆ ತಿಂದರೆ ಒಂದು ಪ್ಲೇಟಿಗೆ ಕೊಡುವ ದುಡ್ಡಿನಲ್ಲಿ ಮನೆಯಲ್ಲಿ ಮೂರು ಜನ ಉಣ್ಣಬಹುದು. ಆದರೆ ಹೆಚ್ಚಿನವರು ಹಿಂಜರಿಯುವುದು "ಕೆಂಡ ಎಲ್ಲಿಂದ ತರೋದು?" ಅಂತ. ಕೆಂಡ ಬೇಕಾಗಿಯೇ ಇಲ್ಲ. ಎಷ್ಟೋ ಹಾಕರ್ ಅಂಗಡಿಗಳಲ್ಲೂ ಈ ಮೀನು ಬೇಯುವುದು ಅಗಲವಾದ ಕಬ್ಬಿಣದ ಹಲಗೆಯ ಮೇಲೆ, ಅಂದರೆ ದೊಡ್ಡ ಕಾವಲಿಯ ಮೇಲೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರೂಮಿನ ಒಳಗೆ, ಬಾತ್‌ರೂಮಿನಲ್ಲಿ, ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲು ಹಚ್ಚುವುದು ಬೇಡವೇ ಬೇಡ. ಉರಿಯುವ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂತು ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಉಳಿಯದೆ ಹೋಗಬಹುದು. ಗಲ್ಫಿನಲ್ಲಿ ಚಳಿಗಾಲ ಬಂದಾಗೆಲ್ಲ ಸಿವಿಲ್ ಡಿಫೆನ್ಸ್‌ನವರು ಎಚ್ಚರಿಸುವುದು ಇದನ್ನೇ. ಕಿಟಕಿ ಸ್ವಲ್ಪ ತೆರೆದಿದೆ ಎಂಬ ಧೈರ್ಯ ಸಾಲದು. ಸಿಂಗಾಪುರದ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಇರುವುದು ಎಚ್‌ಡಿಬಿ ಫ್ಲ್ಯಾಟ್‌ಗಳಲ್ಲಿ. ಕೆಂಡದ ಆಸೆಯಾದವರು ಈಸ್ಟ್ ಕೋಸ್ಟ್ ಪಾರ್ಕ್‌ನಂಥ ಕಡೆ ಬಾರ್ಬೆಕ್ಯೂ ಗುಂಡಿ ಬುಕ್ ಮಾಡಿ ಬಯಲಲ್ಲೇ ಸುಡುತ್ತಾರೆ.

ಇನ್ನು ಮೀನು. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್ ಮಾರ್ಕೆಟ್ಟಿನಲ್ಲಿ ತೊರಕೆಯ ರೆಕ್ಕೆಯನ್ನು ತುಂಡು ಮಾಡಿಸಿಕೊಳ್ಳಬಹುದು. ಮೂಸಿ ನೋಡಿಯೇ ತೆಗೆದುಕೊಳ್ಳಬೇಕು. ತೊರಕೆ, ಶಾರ್ಕ್ ಜಾತಿಯ ಮೀನುಗಳ ಮೈಯಲ್ಲಿ ಯೂರಿಯಾ ಇರುತ್ತದೆ. ಸತ್ತು ಹೊತ್ತಾದಂತೆ ಅದು ಅಮೋನಿಯಾ ಆಗುತ್ತದೆ. ಮೂಗಿಗೆ ಘಾಟು ಹೊಡೆದರೆ ಮೀನು ಹಳೆಯದು, ಯಾವ ಮಸಾಲೆಯೂ ಅದನ್ನು ಮುಚ್ಚುವುದಿಲ್ಲ. ಈ ಮೀನಿಗೆ ಮುಳ್ಳಿಲ್ಲ, ಮೃದು ಎಲುಬು ಮಾತ್ರ. ಮುಳ್ಳಿನ ಹೆದರಿಕೆಯ ಮಕ್ಕಳಿಗೆ ಕೊಡಲು ಇದಕ್ಕಿಂತ ಸಲೀಸಾದದ್ದಿಲ್ಲ. ತೊರಕೆ ಸಿಗದ ಊರಲ್ಲಿ ಬಂಗುಡೆ ಆಗಬಹುದು, ಅಂಜಲ್ ತುಂಡೂ ಆಗಬಹುದು.

ಅರ್ಧ ಕಿಲೋ ಮೀನಿಗೆ 12-15 ಒಣಮೆಣಸು. ಬಣ್ಣಕ್ಕೆ ಬ್ಯಾಡಗಿ ಇದ್ದರೆ ಚೆನ್ನ. ಬಿಸಿನೀರಲ್ಲಿ ನೆನೆಸಿ, ಏಳೆಂಟು ಸಣ್ಣ ನೀರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಕಡ್ಡಿ ಮಜ್ಜಿಗೆ ಹುಲ್ಲಿನ ಬಿಳಿಭಾಗ ಸೇರಿಸಿ ಅರೆಯಬೇಕು. ಜೊತೆಗೆ ಒಂದು ಚಮಚ ಬೆಲಾಚಾನ್, ಅಂದರೆ ಸಣ್ಣ ಸೀಗಡಿಯನ್ನು ಉಪ್ಪು ಹಾಕಿ ಹುಳಿಸಿ ಒಣಗಿಸಿದ ಗಟ್ಟಿ. ಇದನ್ನು ಮೊದಲು ಕಾವಲಿಯಲ್ಲಿ ಹುರಿಯಬೇಕು. ಹುರಿಯುವಾಗಿನ ವಾಸನೆಗೆ ಪಕ್ಕದ ರೂಮಿನವರು ಬಾಗಿಲು ಬಡಿದರೆ ಆಶ್ಚರ್ಯವಿಲ್ಲ. ಫಾಯಿಲ್‌ನಲ್ಲಿ ಸುತ್ತಿ ಹುರಿದರೆ ಜಗಳ ಕಡಿಮೆ. ಬೆಲಾಚಾನ್ ಇಲ್ಲದಿದ್ದರೆ ಊರಿಂದ ತಂದ ಒಣ ಎಟ್ಟಿಯನ್ನೇ ಹುರಿದು ಪುಡಿ ಮಾಡಿ ಹಾಕಿದರೂ ರುಚಿ ಹತ್ತಿರಕ್ಕೆ ಬರುತ್ತದೆ. ಆದರೆ ಸೀಗಡಿ ಅಲರ್ಜಿ ಇರುವವರಿಗೆ ಎರಡೂ ಬೇಡ. ಹಾಕರ್ ಅಂಗಡಿಯಲ್ಲೂ ಇದನ್ನು ಕೇಳಿಯೇ ತಿನ್ನಬೇಕು, ಯಾಕಂದ್ರೆ ಸಂಬಲ್‌ನಲ್ಲಿ ಸೀಗಡಿ ಕಣ್ಣಿಗೆ ಕಾಣುವುದಿಲ್ಲ.

ಅರೆದದ್ದನ್ನು ನಾಲ್ಕೈದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಹುರಿಯುವುದೇ ಇಡೀ ಕೆಲಸದ ಗುಟ್ಟು. ಹತ್ತು-ಹದಿನೈದು ನಿಮಿಷ ಹಿಡಿಯುತ್ತದೆ, ಅವಸರ ಮಾಡಿದರೆ ಹಸಿ ಮೆಣಸಿನ ಖಾರವೇ ನಾಲಿಗೆಗೆ. ಕೊನೆಗೆ ಹುಣಸೆರಸ, ಒಂದು ಚಮಚ ಬೆಲ್ಲ. ಉಪ್ಪು ಮಾತ್ರ ರುಚಿ ನೋಡಿದ ಮೇಲೆ, ಬೆಲಾಚಾನೇ ಉಪ್ಪು. ಪುಳಿಮುಂಚಿ ಮಾಡಿ ಅಭ್ಯಾಸವಿರುವ ಮಂಗಳೂರಿನ ಕೈಗೆ ಇದೇನೂ ಹೊಸದಲ್ಲ.

ಮೀನಿಗೆ ಅರಿಶಿನ, ಉಪ್ಪು ಸವರಿ ಹದಿನೈದು ನಿಮಿಷ ಇಟ್ಟು ನೀರು ಒರೆಸಬೇಕು. ಕಾವಲಿಗೆ ಎಣ್ಣೆ ಸವರಿದ ಬಾಳೆಎಲೆ ಹಾಸಿ ಮೀನಿಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಬೇಯಿಸಿ ತಿರುವಬೇಕು. ಎಲೆ ಇರುವುದರಿಂದ ಮೀನು ಅಂಟುವುದಿಲ್ಲ, ಒಣಗುವುದಿಲ್ಲ. ಇನ್ನೂ ನಾಲ್ಕೈದು ನಿಮಿಷದ ನಂತರ ಸಂಬಲ್ ದಪ್ಪವಾಗಿ ಬಳಿದು ಎರಡು ನಿಮಿಷ. ಚಮಚದಲ್ಲಿ ಒತ್ತಿದಾಗ ಮಾಂಸ ಎಲುಬಿನಿಂದ ಎಳೆಎಳೆಯಾಗಿ ಬಿಟ್ಟರೆ ಬೆಂದಿದೆ. ಮೊದಲೇ ಸಂಬಲ್ ಬಳಿದರೆ ಬೆಲ್ಲ ಕರಿದು ಕಹಿಯಾಗುತ್ತದೆ.

ಪಕ್ಕದಲ್ಲಿ ಚಿಂಚಲೋಕ್ ಎಂಬ ಹುಳಿಸಿದ ಸೀಗಡಿಯ ತೆಳು ಸಾಸ್ ಕೊಡುವ ಅಂಗಡಿಗಳಿವೆ. ಮನೆಯಲ್ಲಿ ಹೆಚ್ಚಿದ ನೀರುಳ್ಳಿ, ಹಸಿಮೆಣಸಿಗೆ ನಿಂಬೆರಸ, ಉಪ್ಪು ಹಿಂಡಿದರೂ ನಡೆಯುತ್ತದೆ. ಉಳಿದ ಸಂಬಲ್ ಒಣ ಬಾಟಲಿಯಲ್ಲಿ ಫ್ರಿಜ್ ಸೇರಿದರೆ ಮಾರನೆ ದಿನದ ಡ್ಯೂಟಿ ಬುತ್ತಿಗೆ ಗಂಜಿಯ ಜೊತೆ ಬರುತ್ತದೆ.